ಸರದಿಯಲ್ಲಿ ನಿಂತವರ ನ್ಯಾಯ



'ಸರದಿಯಂತೆ ಬನ್ನಿ' ಎಂಬ ಮಾತು ನಮಗೆಲ್ಲ ಚಿರಪರಿಚಿತ. ನ್ಯಾಯಬೆಲೆ ಅಂಗಡಿಯ ಮುಂದೆ, ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಬರೆಸುವಲ್ಲಿ, ರೈಲು ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಈ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಮೊದಲು ಬಂದವರಿಗೆ ಮೊದಲು, ಅನಂತರ ಬಂದವರಿಗೆ ಅನಂತರ. ಇದಕ್ಕಿಂತ ಸರಳವಾದ ನ್ಯಾಯ ಇನ್ನಾವುದಿದೆ ಎಂದು ನಮಗೆ ತೋರುತ್ತದೆ. ಆದರೆ ಸರದಿಯ ಕೊನೆಯಲ್ಲಿ ದೊರೆಯಬೇಕಾದುದು ತಲೆಯ ಮೇಲಿನ ಸೂರು ಎಂದಾದಾಗ, ಕಾಯಬೇಕಾದುದು ಒಂದೆರಡು ಗಂಟೆಯಲ್ಲ, ಹಲವು ವರ್ಷ ಎಂದಾದಾಗ, ಈ ಸರಳ ನ್ಯಾಯ ನ್ಯಾಯವಾಗಿಯೇ ಉಳಿಯುತ್ತದೆಯೇ? ಈ ಪ್ರಶ್ನೆಯನ್ನು ನಿಮ್ಮೊಡನೆ ಚಿಂತಿಸಬೇಕೆಂದಿದ್ದೇನೆ.

ಇದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನದ ಉದಾಹರಣೆಯನ್ನು ಆರಿಸಿಕೊಂಡಿದ್ದೇನೆ. ನಮ್ಮ ಬಂಧುಬಳಗದ ಬಾಯಿಂದ ನಾವು ಕೇಳುವ ಅಮೆರಿಕ ದೊಡ್ಡ ಮನೆ, ದೊಡ್ಡ ಕಾರುಗಳ ಅಮೆರಿಕ. ಅದೇ ನಾಡಿನಲ್ಲಿ ಬಾಡಿಗೆ ಕಟ್ಟಲಾಗದ ಲಕ್ಷಾಂತರ ಕುಟುಂಬಗಳು ಸರ್ಕಾರದ ನೆರವಿನ ಮನೆಗಾಗಿ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಿವೆ. ಮಕ್ಕಳೊಡನೆ ಇರಲೆಂದು ಹೋಗಿ ಅಲ್ಲಿಯೇ ನೆಲೆಸಿದ ಭಾರತೀಯ ಹಿರಿಯರಲ್ಲಿಯೂ ಕೆಲವರು ವೃದ್ಧರಿಗೆಂದೇ ಮೀಸಲಾದ ಇಂಥ ಮನೆಗಳಿಗೆ ಅರ್ಜಿ ಹಾಕಿ ಕಾಯುವುದುಂಟು.

ಪಟ್ಟಿ ಹುಟ್ಟಿದ್ದು ಹೇಗೆ?

ಅಮೆರಿಕದಲ್ಲಿ ಬಡವರ ವಸತಿಗಾಗಿ ಮುಖ್ಯ ಕಾಯಿದೆ ಬಂದದ್ದು 1937ರಲ್ಲಿ. ಹಣ ಕೇಂದ್ರ ಸರ್ಕಾರದ್ದು. ಮನೆ ಕಟ್ಟಿಸಿ ಬಾಡಿಗೆಗೆ ಕೊಡುವ ಹೊಣೆ ಊರೂರಿನ ವಸತಿ ಪ್ರಾಧಿಕಾರಗಳದ್ದು. 1974ರಲ್ಲಿ ಇನ್ನೊಂದು ದಾರಿ ತೆರೆಯಿತು. ಕಾಯಿದೆಯ ವಿಧಿಯ ಸಂಖ್ಯೆಯಿಂದ ಅದನ್ನು ಜನ 'ಸೆಕ್ಷನ್ 8' ಎಂದೇ ಕರೆಯುತ್ತಾರೆ. ಇದರಲ್ಲಿ ಬಡ ಕುಟುಂಬ ಖಾಸಗಿ ಮಾಲೀಕರ ಮನೆಯಲ್ಲಿ ವಾಸಿಸುತ್ತದೆ. ತನ್ನ ಆದಾಯದ ಸುಮಾರು ಶೇಕಡ 30ರಷ್ಟನ್ನು ಬಾಡಿಗೆಗೆ ಕೊಡುತ್ತದೆ. ಉಳಿದುದನ್ನು ಒಂದು ಮಿತಿಯವರೆಗೆ ಸರ್ಕಾರ ತುಂಬುತ್ತದೆ. ಬಾಡಿಗೆಗೆ ಆದಾಯವೇ ಅಳತೆಗೋಲಾಗಬೇಕೆಂಬ ಈ ವಿಚಾರವನ್ನು 1969ರಲ್ಲಿ ಕಾಯಿದೆಗೆ ತಂದವರು ಎಡ್ವರ್ಡ್ ಬ್ರೂಕ್ ಎಂಬ ಸೆನೆಟರ್. ಆಗ ಮಿತಿ ಶೇಕಡ 25 ಇತ್ತು. 1981ರಲ್ಲಿ ಅದನ್ನು 30ಕ್ಕೆ ಏರಿಸಲಾಯಿತು. ಮನೆಯ ಬೆಲೆಯನ್ನು ಪೇಟೆ ನಿರ್ಧರಿಸಬಹುದು, ಆದರೆ ಬಡವನು ಕೊಡಬೇಕಾದುದನ್ನು ಅವನ ಶಕ್ತಿ ನಿರ್ಧರಿಸಬೇಕು ಎಂಬುದು ಇದರ ತಿರುಳು. ಇದು ಉದಾತ್ತವಾದ ವಿಚಾರವೆಂಬುದರಲ್ಲಿ ಸಂದೇಹವಿಲ್ಲ.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಆ ದೇಶದಲ್ಲಿ ಆಹಾರದ ನೆರವಿಗೆ ಅರ್ಹರಾದವರು ಅರ್ಜಿ ಹಾಕಿದರೆ ಅದು ದೊರೆಯುತ್ತದೆ. ವಸತಿಯ ನೆರವು ಹಾಗಲ್ಲ. ವರ್ಷ ವರ್ಷ ಸಂಸತ್ತು ಮಂಜೂರು ಮಾಡಿದ ಹಣ ಎಷ್ಟಿದೆಯೋ ಅಷ್ಟು ಮಂದಿಗೆ ಮಾತ್ರ. ಅರ್ಹ ಕುಟುಂಬಗಳಲ್ಲಿ ಸುಮಾರು ನಾಲ್ಕಕ್ಕೆ ಒಂದಕ್ಕೆ ಮಾತ್ರ ಈ ನೆರವು ತಲಪುತ್ತದೆ. ಉಳಿದವರಿಗೆ ಪಟ್ಟಿಯೇ ಗತಿ. ದೇಶದಲ್ಲಿ ಸುಮಾರು 3,300 ಪ್ರಾಧಿಕಾರಗಳಿವೆ. ಒಂದೊಂದಕ್ಕೂ ಅದರದೇ ಪಟ್ಟಿ, ಅದರದೇ ಕ್ರಮ.

ಅನೇಕ ಊರುಗಳಲ್ಲಿ ಪಟ್ಟಿಗೆ ಹೆಸರು ಸೇರಿಸುವುದೇ ಒಂದು ಸಾಹಸ. ಪಟ್ಟಿ ಮುಚ್ಚಿರುತ್ತದೆ, ಎಂದೋ ಕೆಲವು ದಿನ ಮಾತ್ರ ತೆರೆಯುತ್ತದೆ. ಲಾಸ್ ಏಂಜಲೀಸ್ ನಗರದಲ್ಲಿ 2004ರ ಬಳಿಕ ಪಟ್ಟಿ ಮತ್ತೆ ತೆರೆದದ್ದು 2017ರಲ್ಲಿ, ಹದಿಮೂರು ವರ್ಷಗಳ ಅನಂತರ. ಅರ್ಜಿ ಹಾಕಿದವರಲ್ಲಿ 20,000 ಮಂದಿಯನ್ನು ಲಾಟರಿಯ ಮೂಲಕ ಆರಿಸಲಾಯಿತು. 2022ರಲ್ಲಿ ಮತ್ತೊಮ್ಮೆ ತೆರೆದಾಗ ಎರಡು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಸ್ಥಾನ ದೊರೆತದ್ದು 30,000 ಮಂದಿಗೆ. ಅದೂ ಮನೆಯಲ್ಲ, ಮನೆಗಾಗಿ ಕಾಯುವ ಪಟ್ಟಿಯಲ್ಲಿ ಒಂದು ಸ್ಥಾನ. 2010ರ ಆಗಸ್ಟ್ ತಿಂಗಳಲ್ಲಿ ಜಾರ್ಜಿಯ ರಾಜ್ಯದ ಈಸ್ಟ್ ಪಾಯಿಂಟ್ ಎಂಬ ಸಣ್ಣ ಊರಿನಲ್ಲಿ ಅರ್ಜಿ ನಮೂನೆ ಪಡೆಯಲೆಂದೇ ಸುಮಾರು 30,000 ಜನ ಸೇರಿದ್ದರು. ಬಿಸಿಲಿನ ಝಳಕ್ಕೆ, ನೂಕುನುಗ್ಗಲಿಗೆ ಹಲವರು ಆಸ್ಪತ್ರೆ ಸೇರಬೇಕಾಯಿತು. ಅಂದು ಅಲ್ಲಿ ಕೊಡಲು ಖಾಲಿ ಮನೆಗಳಿರಲಿಲ್ಲ.

ಅಳೆಯುವ ಕೋಲು ಯಾವುದು?

ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕೊಡಲು ಸಾಧ್ಯವಾದರೆ ಯಾರಿಗೆ ಕೊಡಬೇಕು? ಸಮಾನರಿಗೆ ಸಮಾನವಾಗಿ ಹಂಚುವುದೇ ನ್ಯಾಯ ಎಂದು ಅರಿಸ್ಟಾಟಲ್ ಕಲಿಸಿದ. ಆದರೆ ಯಾವ ವಿಷಯದಲ್ಲಿ ಸಮಾನರು? ವಸತಿ ಪ್ರಾಧಿಕಾರಗಳ ನಿಯಮಗಳನ್ನು ಗಮನಿಸಿದರೆ ಈ ಪ್ರಶ್ನೆಗೆ ನಾಲ್ಕು ಉತ್ತರಗಳು ಕಾಣುತ್ತವೆ.

ಮೊದಲನೆಯದು ಕಾಲ. ಯಾರು ಮೊದಲು ಅರ್ಜಿ ಹಾಕಿದರೋ ಅವರಿಗೆ ಮೊದಲು. ಇದು ಯಾರ ಮುಖವನ್ನೂ ನೋಡುವುದಿಲ್ಲ. ತಾಳ್ಮೆಗೆ ಬೆಲೆ ಕೊಡುತ್ತದೆ. ಆದರೆ ಮೊದಲು ಬರಲು ಯಾರಿಗೆ ಸಾಧ್ಯ? ಸುದ್ದಿ ಬೇಗ ತಿಳಿದವರಿಗೆ, ಅರ್ಜಿ ತುಂಬಲು ಬಲ್ಲವರಿಗೆ, ಒಂದು ದಿನದ ಕೂಲಿ ಬಿಟ್ಟು ಬರಲು ಶಕ್ತಿಯುಳ್ಳವರಿಗೆ. ಇನ್ನೂ ಒಂದು ಸಂಗತಿಯಿದೆ. ಪ್ರಾಧಿಕಾರ ಆಗಾಗ ಪಟ್ಟಿಯಲ್ಲಿರುವವರಿಗೆ ಪತ್ರ ಬರೆದು 'ನಿಮಗೆ ಇನ್ನೂ ನೆರವು ಬೇಕೆ?' ಎಂದು ಕೇಳುತ್ತದೆ. ಗಡುವಿನೊಳಗೆ ಉತ್ತರ ಬಾರದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟವರಿಗೆ, ಇಂದು ಅಕ್ಕನ ಮನೆ ನಾಳೆ ಗೆಳೆಯನ ಮನೆ ಎಂದು ಅಲೆಯುವವರಿಗೆ ಆ ಪತ್ರ ತಲಪುವುದು ಹೇಗೆ? ಮನೆಯಿಲ್ಲದ ಕಾರಣಕ್ಕೇ ಮನೆಯ ಪಟ್ಟಿಯಿಂದ ಹೊರಬೀಳುವ ವಿಪರ್ಯಾಸವಿದು.

ಎರಡನೆಯದು ಕಷ್ಟದ ತೀವ್ರತೆ. ಬೀದಿಯಲ್ಲಿ ಮಲಗುವವರು, ಮನೆಯೊಳಗಿನ ಹಿಂಸೆ ತಾಳಲಾರದೆ ಓಡಿಬಂದ ತಾಯಂದಿರು, ಅಂಗವಿಕಲರು ಇವರಿಗೆ ಆದ್ಯತೆ. ಯಾರಿಗೆ ಆದ್ಯತೆ ಎಂಬುದನ್ನು ಹಿಂದೆ ಕೇಂದ್ರದ ಕಾಯಿದೆಯೇ ವಿಧಿಸುತ್ತಿತ್ತು. 1998ರ ಕಾಯಿದೆ ಅದನ್ನು ಕೈಬಿಟ್ಟು ಸ್ಥಳೀಯ ಪ್ರಾಧಿಕಾರಗಳ ವಿವೇಚನೆಗೆ ಒಪ್ಪಿಸಿತು. ಆದರೂ 'ಸೆಕ್ಷನ್ 8'ರಲ್ಲಿ ಹೊಸದಾಗಿ ನೆರವು ಪಡೆಯುವವರಲ್ಲಿ ಕನಿಷ್ಠ ಶೇಕಡ 75 ಮಂದಿ ಕಡುಬಡವರಾಗಿರಬೇಕೆಂಬ ನಿಯಮವನ್ನೂ ಅದೇ ಕಾಯಿದೆ ಮಾಡಿತು. ಕಷ್ಟವನ್ನು ಗಮನಿಸುವ ಈ ಅಳತೆ ಮನಸ್ಸಿಗೆ ಹೆಚ್ಚು ಒಪ್ಪುತ್ತದೆ. ಆದರೆ ಕಷ್ಟವನ್ನು ಸಾಬೀತುಪಡಿಸಬೇಕಲ್ಲ! ತನ್ನ ಗಾಯಗಳನ್ನು ಗುಮಾಸ್ತನ ಮೇಜಿನ ಮೇಲೆ ಹರಡಿ ತೋರಿಸಬೇಕು. 'ಅಳುವ ಕೂಸಿಗೆ ಹಾಲು' ಎಂಬ ಗಾದೆ ಇಲ್ಲಿಯೂ ನಿಜವಾಗುತ್ತದೆ; ಅಳಲು ನಾಚುವವರು ಹಿಂದೆ ಉಳಿಯುತ್ತಾರೆ. ಹೇಗೋ ದುಡಿದು, ಅರ್ಧ ಸಂಬಳವನ್ನು ಬಾಡಿಗೆಗೆ ಸುರಿದು, ವರ್ಷಗಟ್ಟಲೆ ಸದ್ದಿಲ್ಲದೆ ಕಾದವಳು ನಿನ್ನೆ ಮೊನ್ನೆ ಬಂದವರು ಮುಂದೆ ಹೋಗುವುದನ್ನು ನೋಡುತ್ತ ನಿಲ್ಲಬೇಕಾಗುತ್ತದೆ.

ಮೂರನೆಯದು ಲಾಟರಿ. ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಚೀಟಿ ಎತ್ತಿಸುವ ಪದ್ಧತಿಯಿದೆ. ಯಾರೂ ಯಾರನ್ನೂ ದೂರುವಂತಿಲ್ಲ. ಆದರೆ ಅಲ್ಲಿ ಎಲ್ಲರಿಗೂ ಒಂದೊಂದು ಪಾಲು ಇದ್ದೇ ಇರುತ್ತದೆ; ಯಾವ ಪಾಲು ಎಂಬುದಷ್ಟೇ ಪ್ರಶ್ನೆ. ವಸತಿಯ ಚೀಟಿಯಲ್ಲಿ ಬಹುಪಾಲು ಜನರಿಗೆ ಏನೂ ದೊರೆಯುವುದಿಲ್ಲ. ಆ ಚೀಟಿಗೆ ತಾಳ್ಮೆಯೂ ಕಾಣುವುದಿಲ್ಲ, ಕಣ್ಣೀರೂ ಕಾಣುವುದಿಲ್ಲ.

ನಾಲ್ಕನೆಯದು ಊರಿನ ನಂಟು. ನಮ್ಮೂರಿನ ಮನೆ ನಮ್ಮೂರಿನವರಿಗೆ ಎಂಬ ವಾದ ಸಹಜವಾಗಿಯೇ ಕೇಳಿಸುತ್ತದೆ. ನ್ಯೂಯಾರ್ಕ್ ನಗರದಲ್ಲಿ ಕಡಿಮೆ ಬಾಡಿಗೆಯ ಹೊಸ ಮನೆಗಳ ಅರ್ಧದಷ್ಟನ್ನು ಆಯಾ ಬಡಾವಣೆಯವರಿಗೆ ಆದ್ಯತೆಯ ಮೇಲೆ ಕೊಡುವ ಕ್ರಮವಿತ್ತು. ಬಿಳಿಯರು ಹೆಚ್ಚಾಗಿರುವ ಬಡಾವಣೆಗಳಿಗೆ ಕರಿಯರು ಬಾರದಂತೆ ಇದು ತಡೆಯುತ್ತದೆ ಎಂದು 2015ರಲ್ಲಿ ದಾವೆ ಹೂಡಲಾಯಿತು. 2024ರ ರಾಜಿಯಲ್ಲಿ ಆ ಪಾಲನ್ನು ಶೇಕಡ 20ಕ್ಕೆ ಇಳಿಸಲು ನಗರ ಒಪ್ಪಿತು. ಸ್ವಂತ ನೆಲದ ಮೇಲಿನ ಪ್ರೀತಿ ಹೊರಗಿನವರಿಗೆ ಬಾಗಿಲು ಮುಚ್ಚುವ ನೆಪವೂ ಆಗಬಲ್ಲದು.

ಹೀಗೆ ಒಂದೊಂದು ಅಳತೆಯೂ ನ್ಯಾಯದ ಒಂದು ಮುಖವನ್ನು ಕಾಪಾಡುತ್ತದೆ, ಇನ್ನೊಂದನ್ನು ಮರೆಯುತ್ತದೆ. ನಾಲ್ಕನ್ನೂ ಎಷ್ಟೇ ಜಾಣ್ಮೆಯಿಂದ ಬೆರೆಸಿದರೂ ಅನ್ಯಾಯಕ್ಕೊಳಗಾದೆನೆಂದು ಹೇಳಬಲ್ಲ ಒಬ್ಬರು ಉಳಿದೇ ಉಳಿಯುತ್ತಾರೆ.

ಮುಖ ನೋಡಿ ಮಣೆ

ಇಲ್ಲಿ ಒಂದು ಸೂಕ್ಷ್ಮ ವಿಷಯವಿದೆ. ಪಟ್ಟಿ ನಿಧಾನವಾದಾಗ ಮನುಷ್ಯ ಶಿಫಾರಸನ್ನು ಹುಡುಕುತ್ತಾನೆ. ಇದು ಅಮೆರಿಕಕ್ಕೆ ಸೀಮಿತವಲ್ಲ. ನಮ್ಮ ರಾಜ್ಯದಲ್ಲಿ ವಸತಿ ಯೋಜನೆಗಳ ನೆರವು ಹೆಚ್ಚಾಗಿ ಸ್ವಂತ ಮನೆ ಕಟ್ಟಿಕೊಳ್ಳಲು ದೊರೆಯುವಂಥದು. ಹಳ್ಳಿಗಳಲ್ಲಿ ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ ಆರಿಸಬೇಕೆಂಬುದು ನಿಯಮ. ಆದರೂ 'ಸ್ವಾಮಿ, ನೀವು ಒಂದು ಮಾತು ಹೇಳಿದರೆ ಆಗುತ್ತದೆ' ಎಂದು ಗುರುಮನೆಯ ಬಾಗಿಲಿಗೆ ಬರುವವರನ್ನು ಕಾಣದ ಗುರುಗಳು ವಿರಳ. ಎದುರಿಗೆ ನಿಂತವರ ಕಣ್ಣೀರು ಸುಳ್ಳಲ್ಲ. ಹಾಗಾದರೆ ಮಾತು ಹೇಳುವುದು ಪ್ರೀತಿಯೋ, ಅನ್ಯಾಯವೋ?

ಸಂತ ಥಾಮಸ್ ಅಕ್ವಿನಾಸ್ ಅವರು ಹಂಚಿಕೆಯ ನ್ಯಾಯಕ್ಕೆ ವಿರುದ್ಧವಾದ ಪಾಪವೆಂದು ಎಣಿಸಿದ್ದು ಮುಖದಾಕ್ಷಿಣ್ಯವನ್ನು. ಕೊಡುತ್ತಿರುವ ವಸ್ತುವಿಗೆ ಸಂಬಂಧಿಸಿದ ಯೋಗ್ಯತೆಯನ್ನು ಬಿಟ್ಟು, 'ಇವನು ಇಂಥವನು' ಎಂಬ ಕಾರಣಕ್ಕೆ ಕೊಡುವುದು ಅದರ ಲಕ್ಷಣ. ಮುಖ ನೋಡಿ ಮಣೆ ಹಾಕುವುದು ಎಂದು ನಮ್ಮ ಹಿರಿಯರು ಹಳಿದದ್ದೂ ಇದನ್ನೇ. ಒಬ್ಬರನ್ನು ಹತ್ತು ಸ್ಥಾನ ಮುಂದಕ್ಕೆ ತಳ್ಳಿದರೆ ಹತ್ತು ಮಂದಿ ಒಂದೊಂದು ಸ್ಥಾನ ಹಿಂದಕ್ಕೆ ಹೋಗುತ್ತಾರೆ. ಆ ಹತ್ತು ಮಂದಿಯ ಮುಖ ನಮಗೆ ಕಾಣುವುದಿಲ್ಲ. ಕಾಣದಿರುವುದರಿಂದಲೇ ನಮ್ಮ ಉಪಕಾರ ನಮಗೆ ನಿರ್ಮಲವಾಗಿ ತೋರುತ್ತದೆ.

ಹಾಗೆಂದು ಕೈಕಟ್ಟಿ ಕುಳಿತುಕೊಳ್ಳಬೇಕೆಂದಲ್ಲ. ಮುಂದಕ್ಕೆ ತಳ್ಳುವುದು ಬೇರೆ, ಸರದಿಯಲ್ಲಿ ನಿಲ್ಲಲು ನೆರವಾಗುವುದು ಬೇರೆ. ಅರ್ಜಿ ತುಂಬಿಕೊಡುವುದು, ಆದಾಯ ಪ್ರಮಾಣಪತ್ರ ಮಾಡಿಸಿಕೊಡುವುದು, ವಿಳಾಸವಿಲ್ಲದವರ ಪತ್ರಗಳು ತಲಪಲು ಒಂದು ವಿಳಾಸವಾಗುವುದು, ಗಡುವು ನೆನಪಿಸುವುದು ಇವುಗಳಿಂದ ಯಾರ ಹಕ್ಕೂ ಕಡಿಮೆಯಾಗುವುದಿಲ್ಲ; ಪಟ್ಟಿ ಮರೆತವರನ್ನು ಪಟ್ಟಿಗೆ ಮರಳಿಸಿದಂತಾಗುತ್ತದೆ. ಪಟ್ಟಿಯಲ್ಲಿ ಹೆಸರು ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಅಮೆರಿಕದಲ್ಲಿ 'ಸೆಕ್ಷನ್ 8'ರ ವೋಚರ್ ಕೈಗೆ ಬಂದವರಿಗೆ ಮನೆ ಹುಡುಕಲು ಮೊದಲಿಗೆ ಕೊಡುವ ಅವಧಿ ಅನೇಕ ಕಡೆ 60 ದಿನ ಮಾತ್ರ. ಹಲವು ರಾಜ್ಯಗಳಲ್ಲಿ ಮಾಲೀಕರು ಅಂಥ ಬಾಡಿಗೆದಾರರು ಬೇಡವೆನ್ನಬಹುದು. ವರ್ಷಗಟ್ಟಲೆ ಕಾದು ಪಡೆದ ನೆರವು ಜೊತೆಯಲ್ಲಿ ಹುಡುಕುವವರಿಲ್ಲದೆ ಕೈತಪ್ಪುವುದುಂಟು.

ಪಟ್ಟಿಯ ಆಚೆಗೆ

ಶುಭಸಂದೇಶದಲ್ಲಿ ಜೆರುಸಲೇಮಿನ ಕೊಳದ ಬಳಿ ಮಲಗಿದ್ದ ರೋಗಿಯನ್ನು ನೆನೆಯಿರಿ. 38 ವರ್ಷದ ರೋಗ. ನೀರು ಉಕ್ಕಿದಾಗ ಮೊದಲು ಇಳಿದವರಿಗೆ ಗುಣವಾಗುವುದೆಂಬ ನಂಬಿಕೆ. ಅವನ ದೂರು ಒಂದೇ: ತನ್ನನ್ನು ಇಳಿಸುವವರು ಯಾರೂ ಇಲ್ಲ. ಯೇಸುಸ್ವಾಮಿ ಅವನನ್ನು ಗುಣಪಡಿಸಿದರು. ಆದರೆ ಅದಕ್ಕಾಗಿ ಬೇರೊಬ್ಬನನ್ನು ಕೊಳದ ದಡದಿಂದ ಹಿಂದಕ್ಕೆ ಸರಿಸಲಿಲ್ಲ. ಒಬ್ಬರಿಗೆ ಮಾತ್ರ ಎಂಬ ಆ ಲೆಕ್ಕವನ್ನೇ ಅವರು ಒಪ್ಪಲಿಲ್ಲ.

ನಾನು ಹೇಳಬಯಸುವುದೂ ಇದನ್ನೇ. ಕೊರತೆಯನ್ನು ನ್ಯಾಯವಾಗಿ ಹಂಚಿದ ಮಾತ್ರಕ್ಕೆ ಕೊರತೆ ನ್ಯಾಯವಾಗುವುದಿಲ್ಲ. ಪಟ್ಟಿ ಶುದ್ಧವಾಗಿದ್ದರೆ ಸಾಕು ಎಂದುಕೊಳ್ಳುವ ಸಮಾಜ ತನ್ನ ಆತ್ಮಸಾಕ್ಷಿಯನ್ನು ಮಲಗಿಸುತ್ತದೆ. ವಿಯೆನ್ನಾ ನಗರದ ನಿದರ್ಶನ ನಮ್ಮ ಮುಂದಿದೆ. ಮೊದಲ ಮಹಾಯುದ್ಧದ ಬಳಿಕ ಕಂಗೆಟ್ಟಿದ್ದ ಆ ನಗರ 1923ರಲ್ಲಿ ವಸತಿ ತೆರಿಗೆ ವಿಧಿಸಿ, ದೊಡ್ಡ ಮನೆಗಳವರಿಂದ ಹೆಚ್ಚು ಪಡೆದು, 1934ರೊಳಗೆ 60,000ಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ಕಟ್ಟಿತು. ಇಂದು ಆ ನಗರದ ಸುಮಾರು ಅರ್ಧದಷ್ಟು ಜನ ನಗರಸಭೆಯ ಅಥವಾ ಸರ್ಕಾರಿ ನೆರವಿನ ಮನೆಗಳಲ್ಲಿದ್ದಾರೆ. ಕಾಯುವ ಪಟ್ಟಿ ಅಲ್ಲಿಯೂ ಇದೆ. ಆದರೆ ಮನೆ ಕಟ್ಟುವುದನ್ನು ಮರೆತು ಪಟ್ಟಿಯನ್ನಷ್ಟೇ ತಿದ್ದುತ್ತ ಕೂರಲಿಲ್ಲ. 1987ರಲ್ಲಿ, ವಿಶ್ವಸಂಸ್ಥೆ ಸಾರಿದ ವಸತಿಹೀನರ ವರ್ಷದಲ್ಲಿ, ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗವೂ ವಸತಿಹೀನತೆಯನ್ನು ಸಮಾಜದ ರಚನೆಯಲ್ಲಿಯೇ ಇರುವ ಅನ್ಯಾಯವೆಂದು ಕಂಡಿತು.

ಕಾಯುವವರಿಗೆ ನಾವು ಸಲ್ಲಿಸಬೇಕಾದ ಇನ್ನೊಂದು ಋಣವಿದೆ, ಅದು ಸತ್ಯ. ಹತ್ತು ವರ್ಷದಲ್ಲಿಯೂ ಸರದಿ ಬಾರದು ಎಂದು ತಿಳಿದೂ 'ಕಾಯಿರಿ, ಬರುತ್ತದೆ' ಎನ್ನುವುದು ಸಾಂತ್ವನವಲ್ಲ. ಅದನ್ನು ನಂಬಿದವರು ಮಗಳ ಶಾಲೆಯನ್ನು, ಬೇರೆ ಊರಿನ ಕೆಲಸವನ್ನು, ಬಾಳಿನ ಎಷ್ಟೋ ನಿರ್ಧಾರಗಳನ್ನು ಮುಂದೂಡುತ್ತಾರೆ. ಪಟ್ಟಿ ಮುಚ್ಚಿದೆ ಎಂದು ಹೇಳುವುದು ಕಠಿಣ. ಆದರೆ ಆಸೆಯ ಹೆಸರಿನಲ್ಲಿ ವರ್ಷಗಳನ್ನು ಕಸಿಯುವುದು ಅದಕ್ಕಿಂತ ಕಠಿಣ.

ಓದುಗರೇ, ನಿಮ್ಮ ಊರಿನಲ್ಲಿ ಮುಂದಿನ ಗ್ರಾಮಸಭೆಯೋ ವಾರ್ಡ್ ಸಭೆಯೋ ನಡೆಯುವಾಗ ದಯವಿಟ್ಟು ಹೋಗಿ ಕುಳಿತುಕೊಳ್ಳಿ. ನಿಮ್ಮವರ ಹೆಸರಿದೆಯೇ ಎಂದು ನೋಡುವುದು ಸಹಜ. ಅದರೊಡನೆ, ಇರಬೇಕಾದ ಯಾರ ಹೆಸರು ಅಲ್ಲಿಲ್ಲ ಎಂದೂ ಕೇಳಿ. ಕಾಗದವಿಲ್ಲದ ವಿಧವೆಯೊಬ್ಬಳು, ಬೇರೆ ಊರಿನಿಂದ ಬಂದ ಕೂಲಿಕಾರನೊಬ್ಬ, ಬಾಯಿ ಬಿಟ್ಟು ಕೇಳಲಾರದ ಮುದುಕನೊಬ್ಬ ನಿಮ್ಮ ಬೀದಿಯಲ್ಲಿಯೇ ಇರಬಹುದು. ಅವರ ಪರವಾಗಿ ಎದ್ದು ನಿಲ್ಲುವವರು ಆ ಸಭೆಯಲ್ಲಿ ಯಾರಿದ್ದಾರೆ?