ಅಡ್ಡಹೆಸರಿನ ಋಣ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಡೆ ಹೊಸಬನ ಹೆಸರು ಕೇಳಿದವರು ಅಷ್ಟಕ್ಕೇ ನಿಲ್ಲಿಸುವುದಿಲ್ಲ, 'ಅಡ್ಡಹೆಸರು ಏನ್ರಿ?' ಎಂದೂ ಕೇಳುತ್ತಾರೆ. ಅಂಗಡಿ, ಅಕ್ಕಿ, ಮೆಣಸಿನಕಾಯಿ, ಬಡಿಗೇರ, ಕಂಬಾರ, ಕುಲಕರ್ಣಿ—ಉತ್ತರ ಬಂದೊಡನೆ ಕೇಳಿದವನ ಮನಸ್ಸಿನಲ್ಲಿ ಒಂದು ತಕ್ಕಡಿ ತೂಗತೊಡಗುತ್ತದೆ. ಹೆಸರಿನ ಬಗ್ಗೆ ನನ್ನ ತಕರಾರಿಲ್ಲ; ಈ ತಕ್ಕಡಿಯ ಬಗ್ಗೆ ಇದೆ.

ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮಂದಿಗಿರುವ ಮನೆತನದ ಹೆಸರು ಸ್ಮಿತ್. ಅರ್ಥದಲ್ಲಿ ಅವನು ನಮ್ಮ ಕಂಬಾರನೇ. ಊರೂರಿಗೂ ಕುಲುಮೆ ಬೇಕಿತ್ತು. ಹೆಸರೂ ಊರೂರಿಗೆ ಹಬ್ಬಿತು. ಆದರೆ ಇಂದು ಸ್ಮಿತ್ ಎಂಬವನನ್ನು ಕಂಡು ಯಾರೂ ಅವನ ಮುತ್ತಜ್ಜನ ಸುತ್ತಿಗೆಯನ್ನು ನೆನೆಯುವುದಿಲ್ಲ. ನಮ್ಮಲ್ಲಿ ಕಸುಬು ಬಿಟ್ಟು ತಲೆಮಾರುಗಳು ಕಳೆದರೂ ಹೆಸರು ಜಾತಿಯನ್ನು ಸಾರುತ್ತಲೇ ಇರುತ್ತದೆ. ಕುಲಕರ್ಣಿ ವತನವನ್ನು ಮುಂಬಯಿ ಸರಕಾರ 1950ರ ಕಾಯಿದೆಯಿಂದ ರದ್ದುಮಾಡಿತು. ಹುದ್ದೆ ಹೋಯಿತು, ಹೆಸರು ಉಳಿಯಿತು.

ಹಾಗಾದರೆ ಅಡ್ಡಹೆಸರನ್ನೇ ಕಿತ್ತೊಗೆಯೋಣವೇ? ನಾನು ಒಪ್ಪಲಾರೆ. ಅದರಲ್ಲಿ ದುಡಿದವರ ನೆನಪಿದೆ. ಮುಚ್ಚಿಟ್ಟರೆ ದುಡಿಮೆಯೇ ನಾಚಿಕೆಗೇಡೆಂದು ಒಪ್ಪಿದಂತಾಗುತ್ತದೆ. ಆದರೂ ಹೆಸರಿನ ದೆಸೆಯಿಂದ ಅವಮಾನವುಂಡವನು ಅದನ್ನು ಬಿಟ್ಟರೆ ದೂರುವ ಹಕ್ಕು ನಮಗಿಲ್ಲ.

ಹೆಸರಿಗೆ ಬೆಲೆ ತರುವುದು ಬೇರೆಯೇ. ಹಾವೇರಿ ಸೀಮೆಯ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು ಕನ್ನಡಿಗರು ಬಲ್ಲುದು ಗಳಗನಾಥರೆಂದು. ಅದು ಒಂದು ಊರಿನ ಹೆಸರು. ಓದುಗರ ನಾಲಗೆಯ ಮೇಲೆ ಅದನ್ನು ನಿಲ್ಲಿಸಿದ್ದು ಅವರ ಕಾದಂಬರಿಗಳು.

ಅಡ್ಡಹೆಸರು ಕೇಳುವ ರೂಢಿ ಬೇಗ ಹೋಗಲಾರದು. ಕೇಳಲಿ. ಉತ್ತರ ಏನೇ ಬರಲಿ, ಆಮೇಲೆ 'ಬರ್ರಿ, ಕೂಡ್ರಿ' ಎನ್ನುವ ದನಿ ಮಾತ್ರ ಎಲ್ಲರಿಗೂ ಒಂದೇ ಆಗಿರಲಿ.