ಇಂದಿನ ಧಮ್ಮ ಚಿಂತನೆ: 50 ರೂಪಾಯಿ ಚಾಕು



ಅಗ್ಗದ ಚಾಕು ಕೂಡಿಡುವುದು ನನ್ನ ಗುಟ್ಟಿನ ಖುಷಿ. ಮಾಲೂರಾಗಲಿ, ಮುಳಬಾಗಿಲಾಗಲಿ, ಸಂತೆಗೆ ಹೋದರೆ ಒಂದು ಕೊಳ್ಳುತ್ತೇನೆ. ‘50 ರೂಪಾಯಿ ತಾನೇ’ ಅಂದುಕೊಂಡೇ ಡಬ್ಬಿಯಲ್ಲಿ 23 ಸೇರಿವೆ. ಮನೆಯಲ್ಲಿ ತರಕಾರಿ ಹೆಚ್ಚುವುದು ಮಾತ್ರ ಹಳೇ ಈಳಿಗೆಮಣೆಯಲ್ಲೇ.

ಮೊನ್ನೆ ಶ್ರೀನಿವಾಸಪುರದಿಂದ ತಂಗಿ ಮಗ ಬಂದಿದ್ದ. “ಮಾವ, ಮಾವಿನ ಗಿಡಕ್ಕೆ ಕಸಿ ಕಟ್ಟಬೇಕು, ಒಂದು ಚಾಕು ಕೊಡಿ” ಅಂದ. “ಇಲ್ಲಪ್ಪ” ಅಂದುಬಿಟ್ಟೆ. 50 ರೂಪಾಯಿಗೆ ನಾಲ್ಕನೇ ಶೀಲ ಮುರಿಯಿತು.

ಭಿಕ್ಖುವಿನ ಎಂಟು ಪರಿಕರಗಳಲ್ಲೂ ಅಲಗು ಇದೆ: ತಲೆ ಬೋಳಿಸುವ ಕತ್ತಿ, ಒಂದೇ ಒಂದು. ತಪ್ಪು ಚಾಕುವಿನದಲ್ಲ, ತಣ್ಹೆಯದು. ಅದಕ್ಕೆ ಅಗ್ಗ, ದುಬಾರಿ ಎಂಬ ಭೇದವಿಲ್ಲ.

ಇವತ್ತು ಅವನಿಗೆ ನಿಜ ಹೇಳಿ, ಡಬ್ಬಿ ಮುಂದಿಟ್ಟು “ಆರಿಸಿಕೋ” ಅನ್ನುತ್ತೇನೆ. ನಿಮ್ಮ ಡಬ್ಬಿಯಲ್ಲಿ ಏನಿದೆ?

ಭವತು ಸಬ್ಬ ಮಂಗಲಂ.