ಪಾಪ ಯಾರದು?

ಹುಟ್ಟುಕುರುಡನನ್ನು ಕಂಡ ಶಿಷ್ಯರು ಪ್ರಭು ಯೇಸುವನ್ನು ಕೇಳಿದರು: ಪಾಪ ಯಾರದು, ಇವನದೋ, ಹೆತ್ತವರದೋ? ಇಬ್ಬರದೂ ಅಲ್ಲವೆಂದರು ಯೇಸು (ಯೊವಾನ್ನ 9). ಬಲಿಪೂಜೆಯಲ್ಲಿ ಕ್ಷಣವೂ ಕೂರಲಾರದೆ, ಒಂದೇ ಸಮನೆ ಕೈಯಾಡಿಸುವ ಮಗುವನ್ನು ಕಂಡಾಗ ನಾವೂ ಅದನ್ನೇ ಕೇಳುತ್ತೇವಲ್ಲವೇ, ಪ್ರಿಯ ಓದುಗರೇ?

ಎಡಿಎಚ್‌ಡಿ ಎಂಬುದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಅದರಲ್ಲಿ ವಂಶವಾಹಿಗಳ ಪಾತ್ರ ಹಿರಿದು. ಜೊತೆಗೆ ಆಟಿಸಂ ಇರಲೂಬಹುದು. ಎರಡನ್ನೂ ಒಂದೇ ಮಗುವಿನಲ್ಲಿ ಗುರುತಿಸಲು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಷ್ಟೇ ಅನುವು ಮಾಡಿಕೊಟ್ಟಿತು.

ಇಚ್ಛೆಯಿಲ್ಲದಲ್ಲಿ ಪಾಪವಿಲ್ಲ. ಹಾಗೆಂದು ಶಿಸ್ತು ಬೇಡವೆಂದಲ್ಲ. ಒಮ್ಮೆಗೆ ಒಂದೇ ಸೂಚನೆ, ದಿನವೂ ಅದೇ ಕ್ರಮ, ಚಿಕ್ಕ ಪ್ರಯತ್ನಕ್ಕೂ ಮೆಚ್ಚುಗೆ: ಇದು ಆ ಮಗುವಿಗೆ ತಕ್ಕ ಶಿಸ್ತು. ಮಾಡಲಾಗದ್ದಕ್ಕೆ ಶಿಕ್ಷಿಸುವುದು ಅನ್ಯಾಯ. ದಣಿದ ಹೆತ್ತವರಿಗೆ ಪಕ್ಕದಲ್ಲಿ ಜಾಗ ಕೊಟ್ಟು, ಮಗುವನ್ನು ಹೆಸರು ಹಿಡಿದು ಅಕ್ಕರೆಯಿಂದ ಮಾತನಾಡಿಸೋಣ. ಧರ್ಮಸಭೆಯೆಂಬ ಕುಟುಂಬಕ್ಕೆ ಅದೇ ಭೂಷಣ.